509ನೇ ಫೋಟೋ ಕೊಲೆಗೆ ಸಾಕ್ಷಿಯಾ?

2014ರಲ್ಲಿ ಪನಾಮಾದ ಬೊಕೆಟೆ ಹತ್ತಿರದ ಕಾಡಿನಲ್ಲಿ ಕಾಣೆಯಾದ ಇಬ್ಬರು ಡಚ್ ಯುವತಿಯರ ಕ್ಯಾಮೆರಾದಲ್ಲಿ 509ನೇ ಫೋಟೋ ಮಾತ್ರ ಇಲ್ಲ, ಕೊಲೆಗಾರನೇ ಅಳಿಸಿರಬೇಕು ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ.

508 ತೆಗೆದದ್ದು ಏಪ್ರಿಲ್ 1ರ ಹಗಲು. 510ರಿಂದ ಮುಂದಿನವು ಏಪ್ರಿಲ್ 8ರ ನಡುರಾತ್ರಿಯ ಸುಮಾರು 90 ಫೋಟೋಗಳು. ಒಂದು ನಂಬರ್ ಹಾರಿಹೋಗಲು ಯಾರ ಕೈಯೂ ಬೇಕಿಲ್ಲ. ಕಾರ್ಡಿಗೆ ಬರೆಯುವಾಗ ಕ್ಯಾಮೆರಾ ಕೈಕೊಟ್ಟರೂ ಹಾಗಾಗಬಹುದು. ಆ ಯುವತಿಯರೇ ಅಳಿಸಿದ್ದರೂ, ಆ ಜಾಗದಲ್ಲಿ ಮುಂದಿನ ಫೋಟೋ ಬಂದು ಕೂತರೆ ಹಳೆಯದು ಮತ್ತೆ ಸಿಗುವುದಿಲ್ಲ.

ಅಲ್ಲ, ಸಾಕ್ಷಿ ಮುಚ್ಚಿಡುವವನು ಒಂದೇ ಒಂದು ಫೋಟೋ ಅಳಿಸಿ, ಕ್ಯಾಮೆರಾ, ಎರಡು ಫೋನು, ದುಡ್ಡು ಎಲ್ಲವನ್ನೂ ಆಮೇಲೆ ಸಿಕ್ಕ ಅವರ ಬ್ಯಾಗಿನಲ್ಲೇ ಬಿಡುತ್ತಾನಾ?

ಆ ರಾತ್ರಿಯ ಫೋಟೋಗಳ ಬ್ರೈಟ್‌ನೆಸ್ ಏರಿಸಿ ಎಲೆಗಳ ನಡುವೆ ಮುಖ ಹುಡುಕುವ ವಿಡಿಯೋಗಳನ್ನು ನಾನೂ ರಾತ್ರಿಯಿಡೀ ನೋಡಿದ್ದೇನೆ, ಸುಳ್ಳೇಕೆ. ಅವು ಸುಮ್ನೆ ಟೈಂಪಾಸ್. ಅದಕ್ಕಿಂತ ಫೋನಿನ ದಾಖಲೆ ನೋಡಿ. ಏಪ್ರಿಲ್ 1ರ ಸಂಜೆಯೇ 112ಕ್ಕೆ ಕರೆ ಮಾಡಲು ನೋಡಿದ್ದಾರೆ, ಸಿಗ್ನಲ್ ಇರಲಿಲ್ಲ. ಅಂದರೆ ಏನೇ ಆಗಿದ್ದರೂ, ಹಗಲಿನ ಕೊನೆಯ ಫೋಟೋಗೂ ಆ ಕರೆಗೂ ನಡುವಿನ ಕೆಲವೇ ಗಂಟೆಗಳಲ್ಲಿ ಶುರುವಾಗಿದೆ. ನಾನಾದರೆ 509 ಬಿಟ್ಟು ಅಲ್ಲೇ ಹುಡುಕುತ್ತೇನೆ.