ಪುಣೆಯ ಸಣ್ಣ ಅಂಗಳಕ್ಕೆ ಬಕುಳದ ಮರ ಒಳ್ಳೆಯದೋ, ತಾವರೆಯೋ?

ಕೊಥ್ರೂಡ್‌ನ ಮನೆ ಮುಂದೆ ಹತ್ತಡಿ ಜಾಗ ಅಷ್ಟೇ ಅಂದಿದ್ದೀರಿ, ಹಾಗಾದರೆ ನಾನು ತಾವರೆ ಕಡೆ. ಬಕುಳ ನಿತ್ಯಹಸಿರು ಮರ. ಬೆಳೆಯುವುದು ನಿಧಾನ, ಆದರೆ ಕೊನೆಗೆ 10-15 ಮೀಟರ್ ಎತ್ತರ ಹೋಗಿ ಕೊಂಬೆ ಹರಡುತ್ತದೆ; ಗೋಡೆಗೆ ಅಂಟಿಸಿ ನೆಟ್ಟರೆ ಮುಂದೆ ಪಕ್ಕದ ಮನೆಯವರ ಜೊತೆ ಜಗಳ ಗ್ಯಾರಂಟಿ.

ತಾವರೆಗೆ ಬಾಯಿ ಅಗಲವಾದ, ತೂತಿಲ್ಲದ ಟಬ್ ಸಾಕು. ತಳಕ್ಕೆ ಜಿಗುಟು ಮಣ್ಣು ಹಾಕಿ, ಪುಣೆ ಸುತ್ತ ಸಿಗುವ ಕಪ್ಪು ಮಣ್ಣೇ ಆಗುತ್ತದೆ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಾತ್ರ ಬೇಡ, ತೇಲಿ ಮೇಲೆ ಬರುತ್ತದೆ. ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕೇ ಬೇಕು, ಇಲ್ಲದಿದ್ದರೆ ಬರೀ ಎಲೆ. ಸೊಳ್ಳೆ ಕಾಟ ಅಂತೀರಾ? ನಾಲ್ಕು ಗಪ್ಪಿ ಮೀನು ಬಿಡಿ, ಸೊಳ್ಳೆ ಮರಿಗಳನ್ನು ತಿಂದು ಹಾಕುತ್ತವೆ. ಡಿಸೆಂಬರ್ ಚಳಿಗೆ ಎಲೆ ಒಣಗಿದರೆ ಸತ್ತಿತು ಅಂತ ಎಸೆಯಬೇಡಿ, ಗೆಡ್ಡೆ ಮಲಗಿರುತ್ತದೆ, ಬಿಸಿಲು ಏರಿದ ಮೇಲೆ ಮತ್ತೆ ಚಿಗುರುತ್ತದೆ. ಏಪ್ರಿಲ್-ಮೇನಲ್ಲಿ ನೀರು ಜಾಸ್ತಿ ಆವಿಯಾಗುತ್ತದೆ. ಟ್ಯಾಂಕರ್ ನೀರು ನಂಬಿದ ಹೌಸಿಂಗ್ ಸೊಸೈಟಿಯಾದರೆ ಇದೊಂದು ಯೋಚಿಸಿ.

ನೆರಳು, ವರ್ಷವಿಡೀ ಹಸಿರು, ಉದುರಿದ ಮೇಲೂ ಘಮ್ಮೆನ್ನುವ ಹೂವು ಬೇಕೇ ಬೇಕು ಅಂದರೆ ಬಕುಳ, ಅದೂ ಗೇಟಿನ ಹೊರಗೆ ಜಾಗ ಇದ್ದರೆ. ಜೂನ್ ಮಳೆ ಹಿಡಿದ ಮೇಲೆ ನೆಡಿ, ಮೊದಲ ಒಂದೆರಡು ಬೇಸಿಗೆ ನೀರು ತಪ್ಪಿಸಬೇಡಿ.