ಮೇಲಿನ ಮನೆಯ ನೀರು, ಕೆಳಗಿನ ಮನೆಯ ಜಗಳ

ಹುಬ್ಬಳ್ಳಿಯ ವಿದ್ಯಾನಗರದ ಕಡೆಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಎರಡನೇ ಮಹಡಿಯಲ್ಲಿ ಸ್ವಂತ ಫ್ಲ್ಯಾಟು. ಕಟ್ಟಡಕ್ಕೆ ಹನ್ನೆರಡು ವರ್ಷ ಆಗಿದೆ. ಮೇಲಿನ ಮನೆಯ ಬಾತ್‌ರೂಮಿನಿಂದ ಇವರ ಬಾತ್‌ರೂಮಿಗೆ ನೀರು ಇಳಿಯುತ್ತಿದೆ, ಪ್ಲಾಸ್ಟರ್ ಉದುರುತ್ತಿದೆ. ಹೇಳಲು ಹೋದರೆ "ನಮ್ಮ ಬಾತ್‌ರೂಮ್ ಚಲೋನ ಐತ್ರಿ, ನಿಮ್ಮ ಸ್ಲ್ಯಾಬಿಗೇ ಏನೋ ಆಗಿರಬೇಕು, ನೋಡಸ್ಕೋರಿ" ಎಂಬ ಉತ್ತರ. ಸಾಲದ್ದಕ್ಕೆ ಬೆಳಗಿನ ಐದಕ್ಕೇ ಮೇಲೆ ರೊಟ್ಟಿ ಬಡಿಯುವ ಸದ್ದು. ಮೆಟ್ಟಿಲ ಹತ್ತಿರ ಅವರ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ ಮೇಲೆ ಎರಡೂ ಮನೆಯವರು ಮಾತು ಬಿಟ್ಟಿದ್ದಾರೆ. "ಪೊಲೀಸರಿಗೆ ಹೇಳಬೇಕೋ, ವಕೀಲರ ಹತ್ತಿರ ಹೋಗಬೇಕೋ, ಫ್ಲ್ಯಾಟ್ ಮಾರಿ ಧಾರವಾಡಕ್ಕೆ ಹೋಗಿಬಿಡಬೇಕೋ, ನೀವೇ ಹೇಳಿ" ಎಂದು ಕೇಳಿದ್ದಾರೆ.

ಅಕ್ಕಾವರೇ,

ಮಾರುವ ಮಾತು ಸದ್ಯಕ್ಕೆ ಬಿಡಿ. ಧಾರವಾಡದ ಅಪಾರ್ಟ್‌ಮೆಂಟಿನಲ್ಲೂ ಮೇಲೊಂದು ಮನೆ ಇದ್ದೇ ಇರುತ್ತದೆ. ಮಳೆಯೂ ಅಲ್ಲಿ ನಿಮ್ಮಲ್ಲಿಗಿಂತ ಜಾಸ್ತಿ. ಇನ್ನು ಸೋರುವ ಸ್ಲ್ಯಾಬ್ ನೋಡಿದವರು ನೀವು ಕೇಳಿದ ರೇಟು ಕೊಡುವುದೂ ಇಲ್ಲ.

ನಿಮ್ಮ ಪತ್ರದ ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲು ಇದೆ. ಮೇಲಿನವರು ಬಾಡಿಗೆಗೆ ಇರುವವರು, ಫ್ಲ್ಯಾಟಿನ ಮಾಲೀಕರು ಪುಣೆಯಲ್ಲಿದ್ದಾರೆ ಅಂತ. ಅದನ್ನು ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದೇ ದೊಡ್ಡ ವಿಷಯ ಅನಿಸಿತು. ಒಂದು ವರ್ಷದಿಂದ ನೀವು ಜಗಳ ಆಡುತ್ತಿರುವುದು ಟೈಲ್ಸ್ ಒಡೆಯುವ ಅಧಿಕಾರವೇ ಇಲ್ಲದ ಮನುಷ್ಯರ ಜೊತೆ. ಬಾಡಿಗೆಯವರು "ಹೌದ್ರಿ, ನಮ್ಮಿಂದಾನ ಸೋರತೈತಿ" ಅಂದುಬಿಟ್ಟರೆ ಏನಾಗುತ್ತದೆ ನೋಡಿ. ಖರ್ಚು ತಮ್ಮ ಡಿಪಾಸಿಟ್‌ನಿಂದ ಕಟ್ ಆಗಬಹುದು ಎಂಬ ಹೆದರಿಕೆ ಅವರಿಗೆ. ಇಲ್ಲಾ, ಮನೆ ಖಾಲಿ ಮಾಡಿ ಎನ್ನುವ ಫೋನ್ ಬಂದೀತು ಎಂಬ ಹೆದರಿಕೆ. ಹಾಗಾಗಿ ಅವರು ಒಪ್ಪಿಕೊಳ್ಳುವುದಿಲ್ಲ. ನಾನಾದರೂ ಆ ಜಾಗದಲ್ಲಿ ಒಪ್ಪುತ್ತಿದ್ದೆನೋ ಇಲ್ಲವೋ. ಪುಣೆಯ ಮಾಲೀಕರಿಗೆ ನೀವು ಇದುವರೆಗೆ ಒಂದು ಫೋನ್ ಕೂಡ ಮಾಡಿಲ್ಲ, ಅಲ್ವಾ? ಅವರ ನಂಬರ್ ಮೇಂಟೆನೆನ್ಸ್ ದುಡ್ಡು ಲೆಕ್ಕ ಇಡುವ ಸೆಕ್ರೆಟರಿ ಹತ್ತಿರ ಇದ್ದೇ ಇರುತ್ತದೆ.

ಆದರೆ ಫೋನ್ ಮಾಡುವ ಮೊದಲು ಒಂದು ಕೆಲಸ ಇದೆ. "ನಿಮ್ಮ ಮನೆ ಸೋರುತ್ತಿದೆ" ಅಂದರೆ ಮಾಲೀಕರು "ನೋಡೋಣ" ಅಂತಾರೆ. "ನಿಮ್ಮ ಬಾತ್‌ರೂಮಿನ ನಹಾನಿ ಟ್ರಾಪ್ ಜಾಯಿಂಟಿನಲ್ಲಿ ಸೋರುತ್ತಿದೆ" ಅಂದರೆ ಪ್ಲಂಬರ್ ಯಾರು ಅಂತ ಕೇಳುತ್ತಾರೆ. (ನಹಾನಿ ಟ್ರಾಪ್ ಅಂದರೆ ಬಾತ್‌ರೂಮಿನ ನೆಲದ ನೀರು ಹೊರಗೆ ಹೋಗುವ ಜಾಲರಿಯ ಕೆಳಗಿನ ಬಾಗಿದ ಪೈಪು.) ಹಾಗಾಗಿ ನೀರು ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಮೊದಲು ಪತ್ತೆ ಮಾಡಿ.

ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತಾ ಹೋಗಿ. ಯಾವ ದಿನ ಕಲೆ ಒದ್ದೆ, ಯಾವ ದಿನ ಒಣಗಿದೆ, ಅಷ್ಟೇ. ಪೆನ್ಸಿಲ್‌ನಿಂದ ಕಲೆಯ ಅಂಚಿಗೆ ಗೆರೆ ಎಳೆದು ತಾರೀಖು ಬರೆಯಿರಿ. ನಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ಅನುಕೂಲ ಇದೆ, ಅನುಕೂಲ ಅನ್ನಬೇಕೋ ಬೇಡವೋ. ಬಹಳಷ್ಟು ಬಡಾವಣೆಗಳಿಗೆ ಮಲಪ್ರಭೆಯ ನೀರು ದಿನಾ ಬರುವುದಿಲ್ಲ, ಕೆಲವು ದಿನಕ್ಕೊಮ್ಮೆ ಬರುತ್ತದೆ. ಬಳಸಲು ಬೋರ್ ನೀರು, ಕುಡಿಯಲು ಕಾರ್ಪೊರೇಷನ್ ನೀರು. ಬಂದ ದಿನ ಡ್ರಮ್ಮು, ಬಕೆಟ್ಟು, ಕೊಡ ಎಲ್ಲಾ ತುಂಬಿಸಿಕೊಳ್ಳುವುದು ನಮಗೆಲ್ಲ ರೂಢಿ. ನಿಮ್ಮ ಕಲೆ ನೀರು ಬಂದ ದಿನ ಅಥವಾ ಮರುದಿನ ಮಾತ್ರ ದೊಡ್ಡದಾಗುತ್ತಿದ್ದರೆ ಮೇಲೆ ಡ್ರಮ್ಮು ತುಂಬಿ ಹರಿಯುತ್ತಿದೆ ಅಂತ ಅರ್ಥ. ಅದಕ್ಕೆ ಟೈಲ್ಸ್ ಒಡೆಯುವುದು ಬೇಡ, ನಲ್ಲಿ ಬಿಟ್ಟು ಟಿವಿ ಮುಂದೆ ಕೂರಬೇಡಿ ಅಂದರೆ ಸಾಕು.

ಹಾಗಲ್ಲದಿದ್ದರೆ ಮುಂದಿನ ಪರೀಕ್ಷೆ. ಮೇಲಿನವರು ಎರಡು ಮೂರು ದಿನ ಊರಿಗೆ ಹೋದಾಗ ಕಲೆ ನೋಡಿ. ಯಾರೂ ಇಲ್ಲದಿದ್ದರೂ ನೀರು ಮೊದಲಿನ ಜೋರಿನಲ್ಲೇ ಇಳಿಯುತ್ತಿದ್ದರೆ ಗೋಡೆಯೊಳಗಿನ ನೀರಿನ ಪೈಪಿನ ಮೇಲೆ ಅನುಮಾನ. ಅದರಲ್ಲಿ ಟ್ಯಾಂಕಿನ ನೀರಿನ ಒತ್ತಡ ಹಗಲು ರಾತ್ರಿ ಇರುತ್ತದೆ. ಇಳಿಯುವುದು ಕಡಿಮೆಯಾಗುತ್ತಾ ಬಂದರೆ ಬಳಸಿದ ನೀರು ಹೋಗುವ ದಾರಿಯಲ್ಲಿ ದೋಷ. ಆಗ ಮೇಲಿನ ಬಾತ್‌ರೂಮಿನ ನಹಾನಿ ಟ್ರಾಪ್‌ಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಬೇಕು. ಒಂದಿಷ್ಟು ಕೆಂಪು ಬಣ್ಣ ಹಾಕಿದರೆ ಇನ್ನೂ ಒಳ್ಳೆಯದು. ಒಂದು ಹಗಲು, ಒಂದು ರಾತ್ರಿ ಹಾಗೇ ಬಿಡಬೇಕು. ನಿಮ್ಮ ಕಡೆ ಒದ್ದೆಯಾದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ಆಗದೆ, ಬಟ್ಟೆ ತೆಗೆದು ನೀರು ಬಿಟ್ಟಮೇಲೆ ಒದ್ದೆಯಾದರೆ ಟ್ರಾಪ್ ಅಥವಾ ಅದರ ಕೆಳಗಿನ ಪೈಪಿನ ಜಾಯಿಂಟ್ ಹೋಗಿದೆ. ಎರಡರ ಖರ್ಚಿಗೂ ಬಹಳ ಅಂತರ. ಜಾಯಿಂಟ್ ಆದರೆ ಕೆಲವೊಮ್ಮೆ ನಾಲ್ಕು ಟೈಲ್ಸ್ ತೆಗೆದು ಮುಗಿಸಬಹುದು. ನೆಲದ್ದಾದರೆ ಇಡೀ ಬಾತ್‌ರೂಮ್ ಬಿಚ್ಚಬೇಕು. ಟೈಲ್ಸ್ ಸಂದಿಗೆ ಬರೀ ಬಿಳಿ ಸಿಮೆಂಟ್ ತುಂಬಿ "ಆತ್ರೀ" ಎನ್ನುವ ಮೇಸ್ತ್ರಿಯನ್ನು ನಂಬಬೇಡಿ.

ಒಂದು ಎಚ್ಚರಿಕೆ. ಬಾತ್‌ರೂಮಿನ ಸ್ಲ್ಯಾಬನ್ನು ಒಂದಡಿ ತಗ್ಗಿಸಿ, ಆ ಹಳ್ಳದಲ್ಲಿ ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿರುತ್ತಾರೆ. ಆ ಹಳ್ಳದಲ್ಲಿ ನಿಂತ ನೀರು ರಿಪೇರಿ ಆದಮೇಲೂ ಕೆಲವು ದಿನ ಜಿನುಗುತ್ತಲೇ ಇರುತ್ತದೆ. ಮರುದಿನವೇ "ಏನೂ ಆಗಿಲ್ಲ" ಅಂತ ಮತ್ತೆ ಮೇಲೆ ಹತ್ತಬೇಡಿ.

ಖರ್ಚು ಯಾರದು? ಫ್ಲ್ಯಾಟಿನ ಒಳಗಿನ ನೆಲ, ಟ್ರಾಪ್, ಪೈಪು ಆ ಫ್ಲ್ಯಾಟಿನ ಮಾಲೀಕರದು. ಡಕ್ಟಿನಲ್ಲಿ ಮೇಲಿಂದ ಕೆಳಗಿನವರೆಗೆ ಇಳಿಯುವ ದೊಡ್ಡ ಪೈಪು ಎಲ್ಲರದು, ಅದನ್ನು ಮೇಂಟೆನೆನ್ಸ್ ದುಡ್ಡಿನಿಂದ ಮಾಡಿಸಬೇಕು. ಕಟ್ಟಡ ಹೊಸದಾಗಿದ್ದರೆ ಬಿಲ್ಡರ್‌ನನ್ನೂ ಕೇಳಬಹುದಿತ್ತು. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಮನೆ ಕೈಗೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ನಿಮ್ಮದು ಆ ಗಡುವು ದಾಟಿದೆ. ಹೊಸ ಫ್ಲ್ಯಾಟ್ ತೆಗೆದುಕೊಂಡ ಬೇರೆ ಓದುಗರು ನೆನಪಿಟ್ಟುಕೊಳ್ಳಲಿ ಅಂತ ಬರೆದೆ.

ಮಾಲೀಕರಿಗೆ ಫೋನ್ ಮಾಡಿದ ಮೇಲೆ ಕಾಗದವನ್ನೂ ಕಳಿಸಿ. ಸ್ಪೀಡ್ ಪೋಸ್ಟ್ ಅಥವಾ ಇಮೇಲ್, ಯಾವುದಾದರೂ ಆಗಬಹುದು. ಕಲೆಯ ಫೋಟೋ, ತಾರೀಖು, ಪರೀಕ್ಷೆಯಲ್ಲಿ ಕಂಡದ್ದು, ಇಬ್ಬರು ಪ್ಲಂಬರ್ ಕೊಟ್ಟ ಅಂದಾಜು, ಕೆಲಸಕ್ಕೆ ಒಂದು ಗಡುವು, ಇವಿಷ್ಟು ಸಾಕು. "ನಿಮ್ಮ ಬಾಡಿಗೆಯವರು ಹಂಗ, ಹಿಂಗ" ಅನ್ನುವ ಒಂದು ಸಾಲೂ ಬೇಡ. ಅವರಿಗೆ ನಷ್ಟ ಏನು ಅನ್ನುವುದನ್ನು ಬರೆಯಿರಿ. ನೀರು ಸ್ಲ್ಯಾಬಿನೊಳಗಿನ ಕಬ್ಬಿಣ ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ನಿಮಗೆ ತಲೆ ಮೇಲಿನ ಸ್ಲ್ಯಾಬ್ ಆಗಿರುವುದೇ ಅವರಿಗೆ ಕಾಲ ಕೆಳಗಿನ ನೆಲ. ಪುಣೆಯಲ್ಲಿ ಕೂತು ಬಾಡಿಗೆ ಎಣಿಸುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಅವರು ಉತ್ತರವನ್ನೇ ಕೊಡದಿದ್ದರೆ? ನಿಮ್ಮ ಅಪಾರ್ಟ್‌ಮೆಂಟ್ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಕೆಳಗೆ ಡಿಕ್ಲರೇಷನ್ (ಈ ಕಾಯ್ದೆಗೆ ಒಳಪಡುತ್ತೇವೆ ಎನ್ನುವ ಘೋಷಣಾ ಪತ್ರ) ಮಾಡಿ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದೆಯಾ ಅಂತ ಸೆಕ್ರೆಟರಿಯನ್ನು ಕೇಳಿ. ಆಗಿದ್ದರೆ ಫ್ಲ್ಯಾಟ್ ಮಾಲೀಕರ ಸಂಘಕ್ಕೆ ದೊಡ್ಡ ಬಲ ಇದೆ. ಒಂದು ಫ್ಲ್ಯಾಟಿನಿಂದ ಇನ್ನೊಂದು ಫ್ಲ್ಯಾಟಿಗೆ ಹಾನಿ ಆಗುವುದನ್ನು ತಡೆಯಲು ತುರ್ತು ರಿಪೇರಿ ಬೇಕಿದ್ದರೆ, ಸರಿಯಾದ ಹೊತ್ತಿನಲ್ಲಿ ಆ ಫ್ಲ್ಯಾಟಿನ ಒಳಗೆ ಹೋಗುವ ಹಕ್ಕನ್ನು ಆ ಕಾಯ್ದೆಯೇ ಸಂಘಕ್ಕೆ ಕೊಡುತ್ತದೆ. ಬಹಳ ಕಮಿಟಿಗಳಿಗೆ ಇದು ಗೊತ್ತೇ ಇಲ್ಲ. ಗಣಪತಿ ಪಟ್ಟಿ ಎತ್ತುವುದು, ಲಿಫ್ಟಿನ ವಾರ್ಷಿಕ ನಿರ್ವಹಣೆಯ ದುಡ್ಡು ಕಟ್ಟುವುದು, ಇಷ್ಟೇ ತಮ್ಮ ಕೆಲಸ ಅಂದುಕೊಂಡಿರುತ್ತಾರೆ. ನೋಂದಣಿ ಆಗಿಲ್ಲದಿದ್ದರೂ ಕಮಿಟಿಯ ಸಹಿ ಇರುವ ಕಾಗದಕ್ಕೆ ತೂಕ ಇದೆ. ಮುಂದೆ ಬೇಕಾದರೆ ಸಾಕ್ಷಿಯೂ ಆಗುತ್ತದೆ.

ಪೊಲೀಸರ ಹತ್ತಿರ ಇದಕ್ಕೆ ಹೋಗಬೇಡಿ. ಸೋರುವ ಪೈಪು ಸಿವಿಲ್ ವಿಷಯ. ಬೆದರಿಕೆ, ಹೊಡೆದಾಟದ ಮಟ್ಟಕ್ಕೆ ಬಂದರೆ 112 ಇದೆ. ಅಲ್ಲಿಯವರೆಗೆ ಹೋಗಿಲ್ಲ, ಹೋಗಲೂಬಾರದು. ವಕೀಲರ ನೋಟಿಸಿಗೆ ಮೊದಲು ಇನ್ನೊಂದು ಬಾಗಿಲು ಇದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆ ಅಲ್ಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಇದೆ. ಹಾಗಾಗಿ ಅರ್ಜಿ ನಿಮ್ಮ ಹೆಸರಲ್ಲೇ ಇರಲಿ. ಇಂಥ ಸಮಿತಿಗಳು ರಾಜಿಗಾಗಿ ನಡೆಸುವುದೇ ಲೋಕ ಅದಾಲತ್. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ, ಬೆಲೆ. ಅದರ ಮೇಲೆ ಅಪೀಲೂ ಇಲ್ಲ. ಇಷ್ಟು ದೂರ ಹೋಗುವ ಪ್ರಸಂಗ ಬರಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ.

ಇನ್ನು ರೊಟ್ಟಿ. ಇಲ್ಲಿ ನಾನು ನಿಮ್ಮ ಪಕ್ಷ ವಹಿಸುವುದಿಲ್ಲ, ಬೇಜಾರಾಗಬೇಡಿ. ಗದ್ದಲಕ್ಕೆ ಕಾನೂನು ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿದ್ದಾರೆ. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಐದು ಗಂಟೆ ಅದರೊಳಗೇ ಬರುತ್ತದೆ ಅಂತ ನೀವು ಅನ್ನಬಹುದು. ಆದರೆ ಆ ನಿಯಮ ಇರುವುದು ಮೈಕು, ಡಿಜೆ, ಹಾರ್ನು, ಪಟಾಕಿಗಾಗಿ. ಗಂಡನ ಬುತ್ತಿಗೆ ನಾಲ್ಕು ರೊಟ್ಟಿ ಬಡಿಯುವ ಹೆಣ್ಣುಮಗಳ ಮೇಲೆ ಅದನ್ನು ಹಿಡಿದುಕೊಂಡು ಹೋದರೆ ಹುಬ್ಬಳ್ಳಿಯಲ್ಲಿ ನಿಮ್ಮ ಪರ ಒಬ್ಬರೂ ನಿಲ್ಲುವುದಿಲ್ಲ.

ಹಾಗಂತ ನಿದ್ದೆ ಕೆಡುವುದು ಸುಳ್ಳಲ್ಲ. ಮಾತಿನ ಸದ್ದು, ಟಿವಿ ಸದ್ದು ಗಾಳಿಯಲ್ಲಿ ಬರುತ್ತದೆ, ಕಿಟಕಿ ಹಾಕಿದರೆ ಕಡಿಮೆಯಾಗುತ್ತದೆ. ಬಡಿಯುವ, ಕುಟ್ಟುವ ಸದ್ದು ಗ್ರಾನೈಟ್ ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಸ್ಲ್ಯಾಬಿಗೆ ಇಳಿಯುತ್ತದೆ. ಅದಕ್ಕೆ ಕೆಳಗಿನಿಂದ ಏನು ಮಾಡಿದರೂ ಪ್ರಯೋಜನ ಕಡಿಮೆ, ಹುಟ್ಟುವ ಜಾಗದಲ್ಲೇ ತಡೆಯಬೇಕು. ಕಟ್ಟೆ ಮೇಲೆ ದಪ್ಪ ರಬ್ಬರ್ ಶೀಟು, ಅದರ ಮೇಲೆ ಕಟ್ಟಿಗೆ ಹಲಗೆ ಇಟ್ಟು ಬಡಿದರೆ ಸದ್ದು ಬಹಳ ಇಳಿಯುತ್ತದೆ. ಆ ಶೀಟು ನೀವೇ ತಂದು ಕೊಡಿ. ಇದನ್ನು ನಿಮ್ಮ ಯಜಮಾನರು ಹೇಳುವುದಕ್ಕಿಂತ ನೀವು ಆ ತಂಗಿಗೆ ಹೇಳುವುದು ಒಳ್ಳೆಯದು. ಅದೂ ಬೆಳಗಿನ ಐದಕ್ಕಲ್ಲ, ಸಂಜೆ. ಮತ್ತೆ, ಯಜಮಾನರು ಕಸಬರಿಗೆ ಕೋಲಿನಿಂದ ಮೇಲೆ ಕುಟ್ಟುತ್ತಾರೆ ಅಂತಲೂ ಬರೆದಿದ್ದೀರಿ. ದಯವಿಟ್ಟು ಅದನ್ನು ನಿಲ್ಲಿಸಲು ಹೇಳಿ. ಮೊದಲೇ ಪ್ಲಾಸ್ಟರ್ ಸಡಿಲಾಗಿದೆ.

ಚಪ್ಪಲಿ ಸ್ಟ್ಯಾಂಡು, ಸೈಕಲ್ಲಿನ ವಿಷಯ ಸಣ್ಣದು, ಆದರೆ ಅದರಲ್ಲಿ ನೀವೇ ಸರಿ. ಮೆಟ್ಟಿಲ ದಾರಿ ಎಲ್ಲರದು. ಬೆಂಕಿ ಬಿದ್ದರೆ, ಕರೆಂಟ್ ಹೋಗಿ ಲಿಫ್ಟ್ ನಿಂತರೆ ಅದೊಂದೇ ದಾರಿ. ಇದನ್ನು ಕಮಿಟಿ ಎಲ್ಲ ಮನೆಗೂ ಸೇರಿಸಿ ಒಂದೇ ನೋಟಿಸಾಗಿ ಹಾಕಲಿ. ಅವರೊಬ್ಬರ ಬಾಗಿಲಿಗೆ ಅಂಟಿಸುವುದು ಬೇಡ. ಕೆಳಗಿನ ಮಹಡಿಗಳಲ್ಲಿ ಯಾರ್ಯಾರ ಸ್ಟ್ಯಾಂಡು ಇದೆ ಅಂತ ಒಮ್ಮೆ ನೋಡಿಕೊಂಡು ಬನ್ನಿ, ನಿಮ್ಮದನ್ನೂ ಸೇರಿಸಿ.

ವಾಟ್ಸಾಪ್ ಗ್ರೂಪಿನಲ್ಲಿ ಕಲೆಯ ಫೋಟೋ ಹಾಕಿದ್ದು ದೊಡ್ಡ ತಪ್ಪೇನಲ್ಲ. ಅದರ ಕೆಳಗೆ "ಸಂಸ್ಕಾರ ಇಲ್ಲದವರು" ಅಂತ ಬರೆದದ್ದು ತಪ್ಪು. ಹದಿನಾರು ಮನೆಯವರು ಓದಿದ ಮೇಲೆ ಆ ಮನೆಯವರು ಹೇಗೆ ತಾನೇ ಬಾಗಿಲು ತೆಗೆದು ಬನ್ನಿ, ಪರೀಕ್ಷೆ ಮಾಡಿ ಅಂತಾರೆ? ಬಾತ್‌ರೂಮಿನಲ್ಲಿ ನೀರು ನಿಲ್ಲಿಸುವ ಪರೀಕ್ಷೆಗೆ ಅವರ ಒಪ್ಪಿಗೆ ಬೇಕೇ ಬೇಕು. ಹಾಗಾಗಿ ಮೇಲೆ ಹೋಗಿ ಮೊದಲು ಹೇಳಬೇಕಾದದ್ದು ಇದು: "ಖರ್ಚು ನಿಮ್ಮ ಮೇಲೆ ಬರೂದಿಲ್ಲ, ನಾವು ಮಾಲೀಕರ ಜೋಡಿ ಮಾತಾಡ್ತೀವಿ, ನೀವು ಒಂದಿನ ಬಾತ್‌ರೂಮ್ ಬಿಟ್ಟುಕೊಡ್ರಿ ಸಾಕು." ಈ ಒಂದು ಮಾತಿಗೆ ಅವರ ಅರ್ಧ ಹೆದರಿಕೆ ಹೋಗುತ್ತದೆ. ಗ್ರೂಪಿನಲ್ಲಿ ಬರೆದದ್ದಕ್ಕೆ ಗ್ರೂಪಿನಲ್ಲೇ ಒಂದು ಸಾಲು ಬರೆದುಬಿಡಿ, ಉದ್ದ ಬೇಡ.

ಕೊನೆಗೆ ಕೆಲಸದ ಹೊತ್ತು. ನೆಲ ಬಿಚ್ಚಿ ವಾಟರ್‌ಪ್ರೂಫಿಂಗ್ ಮಾಡಿದರೆ ಒಣಗಿಸಿ, ಮತ್ತೆ ನೀರು ನಿಲ್ಲಿಸಿ ನೋಡಿ, ಟೈಲ್ಸ್ ಕೂರಿಸುವ ಹೊತ್ತಿಗೆ ವಾರದ ಮೇಲೆ ಹಿಡಿಯುತ್ತದೆ. ಮಕ್ಕಳ ಬೇಸಿಗೆ ರಜೆಯಲ್ಲಿ ಅವರು ಊರಿಗೆ ಹೋಗುತ್ತಾರೆ ಅಂತ ಬರೆದಿದ್ದೀರಿ, ಆಗಲೇ ಇಟ್ಟುಕೊಂಡರೆ ಮಳೆಗಾಲದ ಮೊದಲೇ ಮುಗಿಯುತ್ತದೆ. ಗಂಡ ಮಾತ್ರ ಡ್ಯೂಟಿಗಾಗಿ ಇಲ್ಲೇ ಉಳಿಯಬಹುದು. ಅವರ ಫ್ಲ್ಯಾಟಿಗೆ ಇರುವುದು ಒಂದೇ ಬಾತ್‌ರೂಮು, ನಿಮ್ಮಲ್ಲಿ ಎರಡಿವೆ. ಆ ವಾರ ನಿಮ್ಮ ನಡುಮನೆಯ ಪಕ್ಕದ ಬಾತ್‌ರೂಮನ್ನು ಬಳಸಿಕೊಳ್ಳಲು ಹೇಳಿ. ಅವರಿಗೆ ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು, ನಿಮ್ಮ ಯಜಮಾನರ ಸ್ನಾನವೂ ಅದೇ ಹೊತ್ತಿಗೆ. ಗೀಸರ್ ಮೊದಲು ಯಾರಿಗೆ ಅನ್ನುವುದನ್ನು ಹಿಂದಿನ ದಿನವೇ ಮಾತಾಡಿಟ್ಟುಕೊಳ್ಳಿ.

— ಸಂ.