ಮರದ ಹೊಟ್ಟು ಸಲ್ಫೇಟನ್ನು ಏಕೆ ಹಿಡಿಯಲಿಲ್ಲ?

ತೊಳೆದು ಒಣಗಿಸಿದ ಮರದ ಹೊಟ್ಟಿನ ಮೂಲಕ ಗಣಿ ನೀರನ್ನು ಹಾಯಿಸಿದರೂ ಸಲ್ಫೇಟ್ ಏಕೆ ಇಳಿಯಲಿಲ್ಲ ಎಂದು ಕೇಳಿದ್ದೀರಿ. ಹೊಟ್ಟಿನ ಮೇಲ್ಮೈಯಲ್ಲಿರುವ ಕಾರ್ಬಾಕ್ಸಿಲ್ ಗುಂಪುಗಳು ನೀರಿನಲ್ಲಿ ಋಣ ವಿದ್ಯುದಂಶ ತಳೆಯುವುದರಿಂದ, ತಾಮ್ರ, ಸೀಸದಂಥ ಲೋಹದ ಧನ ಅಯಾನುಗಳನ್ನು (ವಿದ್ಯುದಂಶ ಹೊತ್ತ ಕಣಗಳನ್ನು) ಸೆಳೆಯುವ ಅದೇ ಹೊಟ್ಟು ಋಣ ಅಯಾನಾದ ಸಲ್ಫೇಟನ್ನು ದೂರ ತಳ್ಳುತ್ತದೆ. ಎಪಿಕ್ಲೋರೋಹೈಡ್ರಿನ್ ಮತ್ತು ಟ್ರೈಈಥೈಲಮೀನ್ ಬಳಸಿ ಸದಾ ಧನ ವಿದ್ಯುದಂಶ ಹೊತ್ತಿರುವ ಕ್ವಾಟರ್ನರಿ ಅಮೋನಿಯಂ ಗುಂಪುಗಳನ್ನು ಬೆಸೆದರೆ, ಹೊಟ್ಟು ಕ್ಲೋರೈಡನ್ನು ಬಿಟ್ಟುಕೊಟ್ಟು ಸಲ್ಫೇಟನ್ನು ಹಿಡಿದುಕೊಳ್ಳುತ್ತದೆ. ಈ ರಾಸಾಯನಿಕಗಳು ಅಪಾಯಕಾರಿ. ಸುಸಜ್ಜಿತ ಪ್ರಯೋಗಾಲಯದ ಹೊರಗೆ ದಯವಿಟ್ಟು ಮುಟ್ಟಬೇಡಿ.

ಲೀಟರಿಗೆ ಹಲವು ಸಾವಿರ ಮಿಲಿಗ್ರಾಂ ಸಲ್ಫೇಟ್ ಇದ್ದರೆ ಮೊದಲು ಸುಣ್ಣ ಹಾಕಿ, ಹಾಲಿನಂತೆ ಬೆಳ್ಳಗಾದ ನೀರಿನಿಂದ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ತಳಕ್ಕಿಳಿಯಲು ಬಿಡಿ. ಸಾಮಾನ್ಯವಾಗಿ ಉಳಿಯುವ 1,500ರಿಂದ 2,000 ಮಿಲಿಗ್ರಾಂನಷ್ಟನ್ನು ಮಾತ್ರ, ನೀರನ್ನು ತಟಸ್ಥಗೊಳಿಸಿದ ಮೇಲೆ, ಹೀಗೆ ಮಾರ್ಪಡಿಸಿದ ಹೊಟ್ಟಿಗೆ ಒಪ್ಪಿಸಿ. ಹೊರಬರುವ ನೀರಿನ ಮಾದರಿಯನ್ನು ಆಮ್ಲೀಯಗೊಳಿಸಿ ಬೇರಿಯಂ ಕ್ಲೋರೈಡ್ ಹನಿಸಿದಾಗ ಬಿಳಿ ಕದಡು ದಟ್ಟವಾಗತೊಡಗಿದರೆ, ಸಲ್ಫೇಟ್ ಸಿಗದೆ ಹೊರಬರುತ್ತಿದೆ ಎಂದರ್ಥ; ಆಗ ಹೊಟ್ಟನ್ನು ಉಪ್ಪುನೀರಿನಿಂದ ತೊಳೆದು ಮತ್ತೆ ಸಜ್ಜುಗೊಳಿಸಬೇಕು.